ಸರ್ಪಚಾರ: ಹಾವಿನ ಜಾಡು ಹಿಡಿದವರ ಚರಿತ್ರೆ

ಪೀಠಿಕೆ

ಸರ್ಪಗಳನ್ನು ಕುರಿತ ಜ್ಞಾನವು ಭರತಖಂಡದಲ್ಲಿ ಎರಡು ಮಾರ್ಗಗಳಿಂದ ಬೆಳೆದುಬಂದಿರುತ್ತದೆ. ಸತ್ತ ಹಾವನ್ನು ಮುಂದಿಟ್ಟುಕೊಂಡು ಅದರ ಹುರುಪೆಗಳನ್ನೆಣಿಸಿ, ಹಲ್ಲುಗಳನ್ನು ಪರೀಕ್ಷಿಸಿ, ಜಾತಿಯನ್ನು ನಿರ್ಣಯಿಸುವುದು ಒಂದು ಮಾರ್ಗ. ಬದುಕಿರುವ ಹಾವನ್ನು ಅದರ ನೆಲೆಯಲ್ಲಿಯೇ ಕಂಡು, ಅದು ಯಾವ ಹೊತ್ತಿನಲ್ಲಿ ಹೊರಡುವುದು, ಎತ್ತ ಹೋಗುವುದು, ಎಲ್ಲಿ ಅಡಗುವುದು, ಏನನ್ನು ತಿನ್ನುವುದು ಎಂಬುದನ್ನರಿಯುವುದು ಇನ್ನೊಂದು ಮಾರ್ಗ. ಮೊದಲನೆಯದು ಗ್ರಂಥಗಳಲ್ಲಿ ನೆಲಸಿತು. ಎರಡನೆಯದು ಹಾವು ಹಿಡಿಯುವವರ ಕಣ್ಣು ಕೈಗಳಲ್ಲಿ ಉಳಿಯಿತು. ಮೊದಲನೆಯದರ ಕರ್ತೃಗಳ ಹೆಸರುಗಳು ಹಾವುಗಳ ಹೆಸರುಗಳೊಡನೆಯೇ ಸೇರಿಹೋಗಿವೆ. ಎರಡನೆಯದರ ಕರ್ತೃಗಳು ಯಾರೆಂದು ಕೇಳಿದವರೇ ವಿರಳ.

ಈ ಕಾರಣದಿಂದಲೇ ಸರ್ಪಶಾಸ್ತ್ರದ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ 18ನೆಯ ಶತಮಾನದ ಐರೋಪ್ಯ ವೈದ್ಯರಿಂದ ಆರಂಭಿಸುವರು. ಆದರೆ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ನೋಡಿದಲ್ಲಿ ಶಾಸ್ತ್ರವು ಒಂದು ಸುತ್ತು ಸುತ್ತಿ, ಹಾವು ಹಿಡಿಯುವವನು ಮೊದಲಿನಿಂದಲೂ ನಿಂತಿದ್ದ ಸ್ಥಳಕ್ಕೇ ಬಂದು ಸೇರಿರುವುದೆಂಬುದು ವ್ಯಕ್ತಪಡುತ್ತದೆ. ಆ ಸುತ್ತಿನ ಮುಖ್ಯ ಘಟ್ಟಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸಲಾಗಿದೆ.

ವೈದ್ಯಗ್ರಂಥಗಳ ಸಾಕ್ಷ್ಯ

ಸುಶ್ರುತಸಂಹಿತೆಯ ಕಲ್ಪಸ್ಥಾನದ 4ನೆಯ ಅಧ್ಯಾಯದಲ್ಲಿ ಭೂಮಿಯ ಮೇಲಣ ಸರ್ಪಗಳನ್ನು 80 ಎಂದು ಎಣಿಸಿದೆ. ಇವುಗಳಲ್ಲಿ ದರ್ವೀಕರಗಳು 26, ಮಂಡಲಿಗಳು 22, ರಾಜಿಮಂತಗಳು 10, ನಿರ್ವಿಷಗಳು 12, ವೈಕರಂಜಗಳು 3, ವೈಕರಂಜಗಳಿಂದ ಹುಟ್ಟಿದವು 7. ದರ್ವೀಕರವೆಂದರೆ ಸೌಟಿನಂತಹ ಹೆಡೆಯುಳ್ಳದ್ದು, ನಾಗರಹಾವು ಮೊದಲಾದುದು. ಮಂಡಲಿಯೆಂದರೆ ಮೈಮೇಲೆ ಬಳೆಬಳೆಯಾದ ಮಚ್ಚೆಗಳುಳ್ಳದ್ದು. ಕನ್ನಡದಲ್ಲಿ ಮಂಡಲದ ಹಾವು, ಕೊಳಕುಮಂಡಲ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿರುವುದು ಗಮನಾರ್ಹವಾಗಿದೆ. ರಾಜಿಮಂತವೆಂದರೆ ಗೆರೆಗಳುಳ್ಳದ್ದು. ಕಟ್ಟುಹಾವು ಈ ವರ್ಗಕ್ಕೆ ಸೇರಿದುದೆಂದು ವಿದ್ವಾಂಸರು ಸಾಧಾರಣವಾಗಿ ಗುರುತಿಸುವರು.

ಈ ವಿಭಾಗವು ಕೇವಲ ಆಕಾರವನ್ನವಲಂಬಿಸಿದುದಾಗಿದ್ದರೆ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ ಸಂಹಿತಾಕಾರನು ಅಷ್ಟಕ್ಕೆ ನಿಲ್ಲುವುದಿಲ್ಲ. ಹೆಡೆಯುಳ್ಳವು ಶೀಘ್ರವಾಗಿ ಚಲಿಸುವುವೆಂದೂ, ಮಂಡಲಿಗಳು ದಪ್ಪಮೈಯವಾಗಿ ಮಂದಗಾಮಿಗಳೆಂದೂ ಹೇಳಿ, ಬಳಿಕ ಅವುಗಳ ಸಂಚಾರಕಾಲವನ್ನು ಬೇರೆಬೇರೆಯಾಗಿ ನಿರ್ದೇಶಿಸಿರುತ್ತಾನೆ. ರಾತ್ರಿಯ ಕೊನೆಯ ಜಾವದಲ್ಲಿ ಗೆರೆಯ ಹಾವುಗಳು, ಉಳಿದ ಜಾವಗಳಲ್ಲಿ ಮಂಡಲಿಗಳು, ಹಗಲಿನಲ್ಲಿ ದರ್ವೀಕರಗಳು ಸಂಚರಿಸುವುವೆಂಬುದು ಅವನ ಮತ. ಈ ಹಂಚಿಕೆಯು ಎಲ್ಲ ಅಂಶಗಳಲ್ಲಿಯೂ ಇಂದಿನ ಪರಿಶೀಲನೆಗೆ ಸರಿಹೊಂದುವುದೆಂದು ಹೇಳಲಾಗದು. ನಾಗರಹಾವು ಕತ್ತಲಲ್ಲಿಯೂ ತಿರುಗುವುದುಂಟು. ಆದರೆ ಕಟ್ಟುಹಾವು ನಿಶಾಚರವೆಂಬುದೂ, ನೆಲದ ಮೇಲೆ ಮಲಗಿ ನಿದ್ರಿಸುವವರನ್ನು ರಾತ್ರಿಯಲ್ಲಿ ಕಚ್ಚುವುದೆಂಬುದೂ ಇಂದಿನ ವೈದ್ಯರಿಗೂ ಸಮ್ಮತವಾದ ವಿಷಯ.

ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ರಾತ್ರಿಯ ನಾಲ್ಕನೆಯ ಜಾವದಲ್ಲಿ ಯಾವ ಹಾವು ಹೊರಡುವುದೆಂಬುದನ್ನು ಸತ್ತ ಹಾವಿನಿಂದ ಅರಿಯುವುದು ಶಕ್ಯವಿಲ್ಲ. ವೈದ್ಯನು ತನ್ನ ಶಾಲೆಯಲ್ಲಿ ಕುಳಿತು ಅದನ್ನು ಊಹಿಸಲಾರನು. ಕಚ್ಚಿಸಿಕೊಂಡು ಬಂದವರನ್ನು ವಿಚಾರಿಸಿ ಕೆಲಮಟ್ಟಿಗೆ ತಿಳಿಯಬಹುದಾದರೂ, ಮೂರು ವರ್ಗಗಳಿಗೂ ಬೇರೆಬೇರೆಯಾಗಿ ಕಾಲವನ್ನು ವಿಧಿಸುವಷ್ಟು ತಿಳಿವಳಿಕೆಯು ಹಾವುಗಳ ನಡುವೆಯೇ ಬಾಳಿದವರಿಂದ ಬಂದಿರಬೇಕು. ಅವರ ಹೆಸರುಗಳನ್ನು ಸಂಹಿತೆಯು ಹೇಳುವುದಿಲ್ಲ.

ಕಾವ್ಯನಾಟಕಗಳಲ್ಲಿಯೂ ಇವರ ಸ್ಥಿತಿಯು ಇದಕ್ಕಿಂತ ಮೇಲಲ್ಲ. ವಿಶಾಖದತ್ತನ ಮುದ್ರಾರಾಕ್ಷಸದ 2ನೆಯ ಅಂಕದಲ್ಲಿ ಜೀರ್ಣವಿಷನೆಂಬ ಹಾವಾಡಿಗನು ಬರುವನಷ್ಟೆ. ಅವನು ನಿಜವಾಗಿ ಹಾವಾಡಿಗನಲ್ಲ. ರಾಕ್ಷಸನ ಗೂಢಚಾರನಾದ ವಿರಾಧಗುಪ್ತನು. ಆ ವೇಷವನ್ನು ಕವಿಯು ಆರಿಸಿಕೊಂಡುದಕ್ಕೆ ಕಾರಣವು ಸ್ಪಷ್ಟವಾಗಿದೆ. ಹಾವಾಡಿಗನು ಎಲ್ಲಿ ಬೇಕಾದರೂ ಹೋಗಬಲ್ಲನು, ಎಲ್ಲರೂ ಅವನನ್ನು ನೋಡುವರು, ಯಾರೂ ಅವನಾರೆಂದು ಕೇಳುವುದಿಲ್ಲ. ಕನ್ನಡದಲ್ಲಿ 14ನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ರಚಿಸಿ ಕೀರ್ತಿಶಾಲಿಯಾದನು. ಗಾರುಡವಿದ್ಯೆಯು ಗ್ರಂಥಸ್ಥವಾಯಿತು. ಗಾರುಡಿಗನು ಬೀದಿಯಲ್ಲಿಯೇ ಉಳಿದನು.

ಶೀಶೆಯೊಳಗಣ ಹಾವು

ಈಸ್ಟ್ ಇಂಡಿಯಾ ಕಂಪೆನಿಯವರ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯನಾದ ಪ್ಯಾಟ್ರಿಕ್ ರಸೆಲ್ಲನು 1785ರಲ್ಲಿ ಕರ್ಣಾಟಿಕ್ ಪ್ರಾಂತ್ಯದ ಪ್ರಕೃತಿಶಾಸ್ತ್ರಜ್ಞನಾಗಿ ನಿಯಮಿತನಾದನು. ವಿಶಾಖಪಟ್ಟಣದಲ್ಲಿದ್ದ ಅವನು ಜನರ ಮರಣಕ್ಕೆ ಕಾರಣವಾಗುತ್ತಿದ್ದ ಹಾವುಗಳನ್ನು ನಿರ್ವಿಷಗಳಾದವುಗಳಿಂದ ಪ್ರತ್ಯೇಕಿಸುವ ಲಕ್ಷಣವೊಂದನ್ನು ಹುಡುಕುತ್ತಿದ್ದನು. 1787ರಲ್ಲಿ ಅವನ ಕಿರುಲೇಖವನ್ನು ಮದರಾಸಿನ ಸರ್ಕಾರದವರು ಪ್ರಕಟಿಸಿ, ಹಾವುಗಳನ್ನು ಸಂಗ್ರಹಿಸಿ ಕಳುಹಿಸಬೇಕೆಂದು ತಮ್ಮ ಅಧಿಕಾರಿಗಳನ್ನು ಕೇಳಿಕೊಂಡರು. ಕೋರಮಂಡಲ ತೀರದ ಸರ್ಪಗಳನ್ನು ಕುರಿತ ಅವನ ಮಹಾಗ್ರಂಥದ ಮೊದಲನೆಯ ಸಂಪುಟವು 1796ರಲ್ಲಿ ಲಂಡನ್ನಿನಲ್ಲಿ ಹೊರಬಿದ್ದಿತು.

ರಸೆಲ್ಲನ ಗ್ರಂಥದಲ್ಲಿ ಒಂದು ಗುಣವನ್ನು ಮೆಚ್ಚಬೇಕಾಗಿದೆ. ಅವನು ಹಾವುಗಳಿಗೆ ಲ್ಯಾಟಿನ್ ಹೆಸರುಗಳನ್ನು ಕಟ್ಟಲು ಆತುರಪಡಲಿಲ್ಲ. ಹಾವನ್ನು ತಂದುಕೊಟ್ಟ ಜನರ ತೆಲುಗು ಹೆಸರುಗಳನ್ನೇ ಬರೆದಿಟ್ಟನು. ಕೊಳಕುಮಂಡಲಕ್ಕೆ ಅವನು ಕೊಟ್ಟ ಹೆಸರು ಕಾಟುಕ ರೇಕುಲ ಪೊಡ ಎಂಬುದು. ತೆಲುಗಿನಲ್ಲಿ ಕಾಟುಕವೆಂದರೆ ಕಾಡಿಗೆ, ರೇಕು ಎಂದರೆ ಎಸಳು. ಕಾಡಿಗೆಯ ಎಸಳುಗಳಂತಹ ಮಚ್ಚೆಯುಳ್ಳದ್ದೆಂದು ತಾತ್ಪರ್ಯ. ಕಾಡಿಗೆಯನ್ನೂ ಹಾವನ್ನೂ ಬೆಳಕಿನಲ್ಲಿ ಹತ್ತಿರದಿಂದ ನೋಡಿದವರು ಇಟ್ಟ ಹೆಸರಿದು. ಇನ್ನೊಂದನ್ನು ಬಂಗಾರು ಪಾಮು ಎಂಬರ್ಥದ ಹೆಸರಿನಿಂದ ಕರೆದನು. ಆ ಬಂಗಾರವೇ ಲ್ಯಾಟಿನ್ ರೂಪವನ್ನು ತಾಳಿ, ಕಟ್ಟುಹಾವುಗಳ ಕುಲಕ್ಕೆಲ್ಲ ಬಂಗಾರಸ್ ಎಂಬ ಶಾಸ್ತ್ರೀಯ ನಾಮವಾಗಿರುತ್ತದೆ.

ಕೊಳಕುಮಂಡಲದ ಶಾಸ್ತ್ರೀಯ ನಾಮದ ಚರಿತ್ರೆಯು ಇನ್ನೂ ಬೋಧಪ್ರದವಾಗಿದೆ. ಅದರ ಎರಡನೆಯ ಪದವು ರಸೆಲಿ. 1797ರಲ್ಲಿ ರಸೆಲ್ಲನ ಗೌರವಾರ್ಥವಾಗಿ ಷಾ ಎಂಬ ಪಂಡಿತನು ಇಟ್ಟುದು. ಮೊದಲನೆಯ ಪದವಾದ ದಬೋಯಾ ಎಂಬುದು 1842ರಲ್ಲಿ ಗ್ರೇ ಎಂಬಾತನು ಹಿಂದಿಯ ಮಾತಿನಿಂದ ತೆಗೆದುಕೊಂಡುದು. ಅಡಗಿ ಬಿದ್ದಿರುವುದೆಂದು ಅದರ ಅರ್ಥ. ಒಂದೇ ಹೆಸರಿನೊಳಗೆ ಎರಡು ಮಾರ್ಗಗಳೂ ಜೊತೆಯಾಗಿ ಕುಳಿತಿವೆ. ಒಂದು ಪದವು ಗ್ರಂಥಕರ್ತನನ್ನು ಸ್ಮರಿಸುತ್ತದೆ. ಇನ್ನೊಂದು ಪದವು ಹಾವಿನ ನಡತೆಯನ್ನು ಹೇಳುತ್ತದೆ. ನಡತೆಯನ್ನು ಕಂಡವನ ಹೆಸರು ಮಾತ್ರ ಎರಡರಲ್ಲಿಯೂ ಇಲ್ಲ.

ರಸೆಲ್ಲನ ತರುವಾಯ ಬಂದವರು ಶಾಸ್ತ್ರವನ್ನು ಬಹಳ ದೂರ ಮುಂದುವರಿಸಿದರು. ಜೋಸೆಫ್ ಫೇರರನು 1872ರಲ್ಲಿ ಭಾರತದ ವಿಷಸರ್ಪಗಳನ್ನು ಕುರಿತು ಬರೆದ ಗ್ರಂಥವು ಕಲ್ಕತ್ತೆಯ ಕಲಾಶಾಲೆಯ ವಿದ್ಯಾರ್ಥಿಗಳ ಚಿತ್ರಗಳಿಂದ ಅಲಂಕೃತವಾಗಿದೆ. ಹಾವು ಕಚ್ಚಿ ಸತ್ತವರ ಸಂಖ್ಯೆಯನ್ನು ಸರ್ಕಾರದ ಲೆಕ್ಕಗಳಿಂದ ಕೂಡಿಸಿ, 1869ನೆಯ ಒಂದೇ ವರ್ಷದಲ್ಲಿ ಕೆಲವು ಪ್ರಾಂತ್ಯಗಳಲ್ಲಿ ಮಾತ್ರ 11,416 ಮಂದಿ ಮಡಿದರೆಂದು ತೋರಿಸಿದವನೂ ಅವನೇ. 1890ರಲ್ಲಿ ವಿಡಾಲ್ ಎಂಬ ಅಧಿಕಾರಿಯು ಉತ್ತರ ಕನ್ನಡ ಜಿಲ್ಲೆಯ ವಿಷಸರ್ಪಗಳ ಪಟ್ಟಿಯನ್ನು ಬೊಂಬಾಯಿ ಪ್ರಕೃತಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿ, ಇಂತಹ ಸರ್ಕಾರೀ ಲೆಕ್ಕಗಳನ್ನು ನಂಬಲಾಗದೆಂದು ಆಕ್ಷೇಪಿಸಿದನು. ಅದೇ ಪತ್ರಿಕೆಯಲ್ಲಿ ಫ್ರಾಂಕ್ ವಾಲನು 1905ರಿಂದ ಸಾಮಾನ್ಯ ಸರ್ಪಗಳನ್ನು ಕುರಿತ ಲೇಖನಮಾಲೆಯನ್ನು ಬರೆದನು. ಮಾಲ್ಕಮ್ ಸ್ಮಿತ್ತನು 1943ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿವರ್ಗವೆಂಬ ಗ್ರಂಥಮಾಲೆಯಲ್ಲಿ ಸರ್ಪಸಂಪುಟವನ್ನು ಹೊರತಂದು ಈ ಮಾರ್ಗಕ್ಕೆ ಶಿಖರವನ್ನಿಟ್ಟನು.

ಇವರ ಶ್ರಮವನ್ನು ಅಲ್ಪವೆಂದು ಎಣಿಸುವುದು ಅನ್ಯಾಯವಾಗುತ್ತದೆ. ಜಾತಿನಿರ್ಣಯವಿಲ್ಲದೆ ಚಿಕಿತ್ಸೆಯಿಲ್ಲ. ಆದರೆ ಮದ್ಯಸಾರದ ಶೀಶೆಯಲ್ಲಿ ಮುಳುಗಿದ ಹಾವು ತಾನೇನೆಂಬುದನ್ನು ಹೇಳುವುದೇ ಹೊರತು, ತಾನು ನಿನ್ನೆ ಎಲ್ಲಿದ್ದೆನೆಂಬುದನ್ನು ಹೇಳಲಾರದು. ಅದರ ಹೊಟ್ಟೆಯನ್ನು ಸೀಳಿದರೆ ಕೊನೆಯ ಊಟವು ತಿಳಿಯಬಹುದು. ಅದರ ಬಾಳು ತಿಳಿಯದು.

ಗುರುತಿಟ್ಟು ಬಿಡುವ ಕ್ರಮ

ಬದುಕಿರುವ ಹಾವನ್ನು ಹಿಡಿದು, ಗುರುತಿಟ್ಟು, ಬಿಟ್ಟು, ಮತ್ತೆ ಹಿಡಿದು ಅಭ್ಯಸಿಸುವ ಕ್ರಮವು ಅಮೆರಿಕದಲ್ಲಿ ವ್ಯವಸ್ಥಿತವಾಯಿತು. 1933ರಲ್ಲಿ ಬ್ಲಾಂಚರ್ಡ್ ಎಂಬ ವಿದ್ವಾಂಸನೂ ಅವನ ಸಹಕಾರಿಯೂ ಬಾಲದ ಅಡಿಯ ಹುರುಪೆಗಳನ್ನು ಒಂದು ಸಂಖ್ಯಾಕ್ರಮದಲ್ಲಿ ಕತ್ತರಿಸಿ ಹಾವುಗಳನ್ನು ಪ್ರತ್ಯೇಕವಾಗಿ ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಹೆನ್ರಿ ಫಿಚ್ ಎಂಬಾತನು 1948ರಿಂದ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದ ರಕ್ಷಿತ ಭೂಮಿಯಲ್ಲಿ ನೆಲಸಿ, ಒಂದೇ ಪ್ರದೇಶದ ಹಾವುಗಳನ್ನು ದಶಕಗಳ ಕಾಲ ಹಿಡಿದು ಬಿಡುತ್ತ ಬಂದನು. ಆದರೆ ಈ ಕ್ರಮದಲ್ಲಿಯೂ ಕೊರತೆಯಿತ್ತು. ಎರಡು ಹಿಡಿತಗಳ ನಡುವಣ ಕಾಲದಲ್ಲಿ ಹಾವು ಏನು ಮಾಡಿತೆಂಬುದು ಮರೆಯಾಗಿಯೇ ಉಳಿಯುತ್ತಿತ್ತು.

ಭಾರತದಲ್ಲಿ ಇದೇ ಕ್ರಮವು ಬೇರೊಂದು ದಾರಿಯಿಂದ ಬಂದಿತು. ತಮಿಳುನಾಡಿನ ಇರುಳರು ಕಾಡಿನ ಜನಾಂಗದವರು. ಹಾವಿನ ಚರ್ಮದ ವ್ಯಾಪಾರವು ಪ್ರಬಲವಾಗಿದ್ದ ಕಾಲದಲ್ಲಿ ಅದಕ್ಕಾಗಿ ಹಾವುಗಳನ್ನು ಹಿಡಿದುಕೊಟ್ಟು ಜೀವಿಸುತ್ತಿದ್ದರು. 1972ರಲ್ಲಿ ವನ್ಯಪ್ರಾಣಿ ಸಂರಕ್ಷಣೆಯ ಕಾನೂನು ಬಂದಿತು. 1976ರಲ್ಲಿ ಚರ್ಮದ ರಫ್ತು ನಿಷಿದ್ಧವಾಯಿತು. ಹಾವುಗಳಿಗೆ ಹಿತವಾದ ಈ ನಿಷೇಧದಿಂದ ಇರುಳರ ಅನ್ನಕ್ಕೆ ಸಂಚಕಾರವುಂಟಾಯಿತು. ಮದರಾಸಿನ ಸರ್ಪೋದ್ಯಾನವನ್ನು ಸ್ಥಾಪಿಸಿದ ರಾಮ್ಯುಲಸ್ ವಿಟೇಕರ್ ಅವರ ಪ್ರಯತ್ನದಿಂದ 1978ರಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘವು ಏರ್ಪಟ್ಟಿತು. ಇದರ ಸದಸ್ಯರು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕನ್ನು ಹಿಡಿದು ತಂದು, ಕೆಲವು ವಾರಗಳ ಕಾಲ ಇಟ್ಟುಕೊಂಡು, ವಿಷವನ್ನು ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ, ಮತ್ತೆ ಬಯಲಿಗೆ ಬಿಡುವರು. ಗುರುತುಳ್ಳ ಹಾವು ಬೇಗನೆ ಮರಳಿ ಕೈಗೆ ಸಿಕ್ಕಿದಲ್ಲಿ ಅದನ್ನು ಬಿಟ್ಟುಬಿಡಬಹುದೆಂಬುದು ಇದರ ಪ್ರಯೋಜನ. ಭಾರತದಲ್ಲಿ ತಯಾರಾಗುವ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಭಾಗವು ದಶಕಗಳ ಕಾಲ ಈ ಸಂಘದಿಂದಲೇ ದೊರೆಯುತ್ತ ಬಂದಿರುತ್ತದೆ.

ಇರುಳರ ವಿದ್ಯೆಯು ಮಂತ್ರವಲ್ಲ, ಅನುಮಾನ. ಬಿಲದ ಬಾಯಿ ನಯವಾಗಿದೆಯೇ, ಅಲ್ಲಿ ಇಲಿಯ ಹೊಸ ಮಣ್ಣು ಬಿದ್ದಿದೆಯೇ, ಪೊರೆಯ ಚೂರಾದರೂ ಸಿಕ್ಕಿದೆಯೇ, ಧೂಳಿನ ಮೇಲಣ ಗೆರೆಯು ಯಾವ ಕಡೆಗೆ ತಿರುಗಿದೆ ಎಂಬಿವುಗಳಿಂದ ಒಳಗಿರುವ ಹಾವನ್ನು ನಿಶ್ಚಯಿಸುವರು. ಹೊಗೆಯಿಂದ ಬೆಂಕಿಯನ್ನು ಸಾಧಿಸುವ ತಾರ್ಕಿಕನ ಲಿಂಗಪರಾಮರ್ಶಕ್ಕೂ ಇದಕ್ಕೂ ಜಾತಿಭೇದವಿಲ್ಲ. ತಪ್ಪಿದಾಗ ತೆರಬೇಕಾದ ದಂಡದಲ್ಲಿ ಮಾತ್ರ ಭೇದವಿದೆ.

ಈ ವಿದ್ಯೆಯ ಪರೀಕ್ಷೆಯು ಸಮುದ್ರದಾಚೆಗೂ ನಡೆಯಿತು. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಜೌಗು ಭೂಮಿಯಲ್ಲಿ ಬರ್ಮಾದೇಶದ ಹೆಬ್ಬಾವುಗಳು ಹೊರಗಿನಿಂದ ಬಂದು ಹೆಚ್ಚಿ, ಅಲ್ಲಿಯ ಪ್ರಾಣಿಗಳನ್ನು ನಾಶಮಾಡುತ್ತಿದ್ದುವು. 2016ರಲ್ಲಿ ಅಲ್ಲಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಸಾವಿರಕ್ಕೆ ಮಿಕ್ಕ ಜನರು ಒಂದು ತಿಂಗಳಲ್ಲಿ ಹಿಡಿದವು 106. 2017ರ ಜನವರಿಯಲ್ಲಿ ಮಾಸಿ ಸಡೈಯನ್, ವಡಿವೇಲ್ ಗೋಪಾಲ್ ಎಂಬ ಇಬ್ಬರು ಇರುಳರನ್ನು ಅಲ್ಲಿಗೆ ಕರೆಸಲಾಯಿತು. ಹೆಬ್ಬಾವಿನ ಆ ಜಾತಿಯೂ ಆ ನೆಲವೂ ಅವರಿಗೆ ಹೊಸತು. ಆದರೂ ಮೊದಲ ಎರಡು ವಾರಗಳಷ್ಟರಲ್ಲಿಯೇ 13 ಹೆಬ್ಬಾವುಗಳನ್ನು ಹುಡುಕಿ ಹಿಡಿದರು. 2023ರಲ್ಲಿ ಭಾರತ ಸರ್ಕಾರವು ಇವರಿಬ್ಬರಿಗೂ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಕಾಟುಕ ರೇಕುಲ ಪೊಡವೆಂಬ ಹೆಸರನ್ನು ಹೇಳಿದವರು ಅಜ್ಞಾತರಾಗಿ ಎರಡು ಶತಮಾನಗಳು ಕಳೆದ ಮೇಲೆ, ಆ ವೃತ್ತಿಯವರ ನಾಮಧೇಯಗಳು ರಾಜಪತ್ರದಲ್ಲಿ ಕಾಣಿಸಿಕೊಂಡುವು.

ಆಗುಂಬೆಯ ಕಾಳಿಂಗ

ಎರಡು ಹಿಡಿತಗಳ ನಡುವೆ ಮರೆಯಾಗುತ್ತಿದ್ದ ಹಾವಿನ ಬಾಳನ್ನು ಬೆಳಕಿಗೆ ತಂದುದು ರೇಡಿಯೋ ಯಂತ್ರ. 1971ರಲ್ಲಿ ಫಿಚ್ ಮತ್ತು ಷೈರರ್ ಎಂಬವರು ಸಾಮಾನ್ಯ ಹಾವುಗಳ ಮೈಯೊಳಗೆ ಇಂತಹ ಯಂತ್ರವನ್ನಿಟ್ಟು ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. 1982ರಲ್ಲಿ ರೈನರ್ಟ್ ಮತ್ತು ಕುಂಡಾಲ್ ಎಂಬವರು ಅದನ್ನು ಶಸ್ತ್ರಕ್ರಿಯೆಯಿಂದ ಒಳಗಿಡುವ ಸುಧಾರಿತ ಕ್ರಮವನ್ನು ತಿಳಿಸಿದರು. ಹಾವಿಗೆ ಮೈಮರೆವಿನ ಔಷಧವನ್ನು ಕೊಟ್ಟು, ಹೊಟ್ಟೆಯ ಪಾರ್ಶ್ವದಲ್ಲಿ ಸಣ್ಣದಾಗಿ ಸೀಳಿ, ಯಂತ್ರವನ್ನಿರಿಸಿ, ಅದರ ತಂತಿಯನ್ನು ಚರ್ಮದಡಿಯಲ್ಲಿ ಚಾಚಿ ಹೊಲಿಯುವರು. ಪ್ರತಿಯೊಂದು ಯಂತ್ರದ ಧ್ವನಿಗೂ ಬೇರೆಬೇರೆ ಕಂಪನಸಂಖ್ಯೆಯಿರುವುದರಿಂದ, ಕೈಯಲ್ಲಿ ಹಿಡಿದ ಗ್ರಾಹಕದಿಂದ ಯಾವ ಹಾವು ಯಾವ ದಿಕ್ಕಿನಲ್ಲಿದೆಯೆಂದು ತಿಳಿಯಬಹುದು.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಿಟೇಕರ್ ಅವರು 2005ರಲ್ಲಿ ಮಳೆಕಾಡಿನ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. 2008ರಲ್ಲಿ ಅಲ್ಲಿ ಕಾಳಿಂಗಸರ್ಪಗಳನ್ನು ರೇಡಿಯೋ ಯಂತ್ರದಿಂದ ಅನುಸರಿಸುವ ಕಾರ್ಯವು ಆರಂಭವಾಯಿತು. ಕಾಳಿಂಗವು ವಿಷಸರ್ಪಗಳಲ್ಲೆಲ್ಲ ಅತಿ ದೀರ್ಘವಾದುದು. ಬೇರೆ ಹಾವುಗಳೇ ಅದರ ಮುಖ್ಯ ಆಹಾರ. ತರಗೆಲೆಗಳನ್ನು ಮೈಸುರುಳಿಯಿಂದ ಒಟ್ಟುಗೂಡಿಸಿ ಮೊಟ್ಟೆಗಳಿಗೆ ಗೂಡು ಕಟ್ಟುವುದು ಹೆಣ್ಣಿನ ವಿಶೇಷ. ಅದನ್ನು ಹಿಡಿಯುವಲ್ಲಿ ಬಲಪ್ರಯೋಗಕ್ಕಿಂತ ಅದರ ಸ್ವಭಾವವನ್ನೇ ಉಪಯೋಗಿಸಿಕೊಳ್ಳುವರು. ಕೊಳವೆಯ ಹಿಂದೆ ಚೀಲವನ್ನು ಕಟ್ಟಿ ನೆಲದ ಮೇಲಿಟ್ಟರೆ, ಮರೆಯನ್ನು ಹುಡುಕುವ ಹಾವು ಅದನ್ನು ಬಿಲವೆಂದು ಭಾವಿಸಿ ತಾನಾಗಿ ಒಳಹೊಗುವುದು.

ದಿನದಿನವೂ ಹಾವಿನ ಬೆನ್ನು ಹತ್ತಿ, ಅದಕ್ಕೆ ತೊಂದರೆಯಾಗದಷ್ಟು ದೂರದಲ್ಲಿ ನಿಂತು ಬರೆದಿಟ್ಟ ಟಿಪ್ಪಣಿಗಳಿಂದ ಒಂದು ಹಳೆಯ ಭಾವನೆಯು ಸಡಿಲವಾಯಿತು. ಕಾಳಿಂಗವು ಗೊಂಡಾರಣ್ಯದಲ್ಲಿ ಮಾತ್ರ ಇರುವುದೆಂದೂ, ಊರಿನ ಬಳಿ ಕಂಡರೆ ದಾರಿತಪ್ಪಿ ಬಂದುದೆಂದೂ ಜನರು ಎಣಿಸುತ್ತಿದ್ದರು. ಆದರೆ ಅಡಕೆಯ ತೋಟ, ಹೊಳೆಯಂಚು, ಮನೆಗಳ ಹಿತ್ತಲು ಇವೂ ಅದರ ಸಂಚಾರಭೂಮಿಗೆ ಸೇರಿದುವೆಂದು ಕಂಡುಬಂದಿತು. ಇದರಿಂದ ಎರಡನೆಯ ಪ್ರಶ್ನೆಯು ಹುಟ್ಟಿತು. ಮಲೆನಾಡಿನವರು ಸರ್ಪವನ್ನು ಕೊಲ್ಲುವುದಕ್ಕೆ ಹಿಂಜರಿಯುವರು. ಮನೆಯ ಬಳಿಗೆ ಬಂದುದನ್ನು ಹಿಡಿಸಿ ದೂರದ ಕಾಡಿಗೆ ಬಿಡಿಸುವುದೇ ಧರ್ಮವೆಂದು ತಿಳಿಯುವರು. ಹೀಗೆ ದೂರಕ್ಕೆ ಒಯ್ದು ಬಿಟ್ಟ ಕಾಳಿಂಗವನ್ನು ಯಂತ್ರದಿಂದ ಅನುಸರಿಸಿದಾಗ, ಅದು ಸ್ವಸ್ಥಾನದಲ್ಲಿದ್ದ ಹಾವಿನಂತೆ ವರ್ತಿಸದೆ ಅಸ್ತವ್ಯಸ್ತವಾಗಿ ಬಹುದೂರ ಅಲೆದುದು ಗೊತ್ತಾಯಿತು. 2013ರಲ್ಲಿ ಪ್ರಕಟವಾದ ಈ ಪರಿಶೀಲನೆಯು ಕೆಲವೇ ಹಾವುಗಳನ್ನು ಕುರಿತುದಾದುದರಿಂದ ಪ್ರಾಥಮಿಕವೆನಿಸಿಕೊಂಡಿದೆ. ಆದರೂ ಹಿಡಿದ ಹಾವನ್ನು ಹಿಡಿದ ನೆಲೆಯ ಸಮೀಪದಲ್ಲಿಯೇ ಬಿಡುವುದು ಯುಕ್ತವೆಂಬ ಅಭಿಪ್ರಾಯಕ್ಕೆ ಇದರಿಂದ ಬಲವು ಬಂದಿರುತ್ತದೆ. ದಯೆಯಿಂದ ಮಾಡಿದ ಕಾರ್ಯವು ಹಾವಿಗೆ ದೇಶಭ್ರಷ್ಟತೆಯಾಗಿ ಪರಿಣಮಿಸುತ್ತಿದ್ದಿತೆಂಬುದನ್ನು, ಅದರ ಬೆನ್ನು ಹತ್ತಿದವರ ಹೊರತು ಬೇರಾರೂ ಅರಿಯಲಾರದಾಗಿದ್ದರು.

2024ರಲ್ಲಿ ಇನ್ನೊಂದು ವಿಶೇಷವು ಸಂಭವಿಸಿತು. 1836ರಲ್ಲಿ ಕ್ಯಾಂಟರನು ಹೆಸರಿಸಿದ ಕಾಳಿಂಗವನ್ನು ಅದುವರೆಗೆ ಒಂದೇ ಜಾತಿಯೆಂದು ಎಣಿಸಲಾಗುತ್ತಿತ್ತು. ಅಂಗಲಕ್ಷಣಗಳನ್ನೂ ವಂಶವಾಹಿಗಳನ್ನೂ ಪರೀಕ್ಷಿಸಿದ ವಿದ್ವಾಂಸರು ಅದನ್ನು ನಾಲ್ಕು ಜಾತಿಗಳಾಗಿ ವಿಂಗಡಿಸಿ, ಪಶ್ಚಿಮಘಟ್ಟಗಳಿಗೆ ಮಾತ್ರ ಸೇರಿದ ಜಾತಿಗೆ ಒಫಿಯೋಫೇಗಸ್ ಕಾಳಿಂಗ ಎಂದು ನಾಮಕರಣ ಮಾಡಿದರು. ಕೃಷ್ಣನು ಮರ್ದಿಸಿದ ಕಾಳಿಯನ ಕಥೆಯಿಂದ ಬಂದು ಕನ್ನಡಿಗರ ನಾಲಗೆಯಲ್ಲಿ ಶತಮಾನಗಳಿಂದ ನಿಂತಿದ್ದ ಹೆಸರು ಹೀಗೆ ಶಾಸ್ತ್ರಪದವಾಯಿತು.

ಲೋಕೋಪಯೋಗ

ಈ ಚರಿತ್ರೆಯು ಕೇವಲ ವಿದ್ವಜ್ಜನರ ಕುತೂಹಲಕ್ಕೆ ವಿಷಯವೆಂದು ತಿಳಿಯಬಾರದು. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಫೇರರನ ಲೆಕ್ಕವು ಎಷ್ಟು ಅಪೂರ್ಣವಾಗಿತ್ತೆಂಬುದೂ, ವಿಡಾಲನ ಆಕ್ಷೇಪವು ಎಷ್ಟು ಸಾಧುವಾಗಿತ್ತೆಂಬುದೂ ಇದರಿಂದ ಊಹ್ಯವಾಗಿದೆ. ಮಡಿದವರಲ್ಲಿ ಬಹುಮಂದಿ ಹಳ್ಳಿಗಾಡಿನವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಗಳ ಪಟ್ಟಿಗೆ ಸೇರಿಸಿತು.

ಒಂದೇ ಜಾತಿಯ ಹಾವಿನ ವಿಷವೂ ದೇಶದಿಂದ ದೇಶಕ್ಕೆ ಭೇದಿಸುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರೂ ಸೇರಿದಂತೆ ಹಲವರು ತೋರಿಸಿರುತ್ತಾರೆ. ಒಂದು ಸೀಮೆಯ ಹಾವುಗಳ ವಿಷದಿಂದ ಮಾಡಿದ ಪ್ರತಿವಿಷವು ಬೇರೊಂದು ಸೀಮೆಯ ಕಡಿತಕ್ಕೆ ಅಷ್ಟು ಫಲಕಾರಿಯಾಗದಿರಬಹುದು. ಆದುದರಿಂದ ಹಾವನ್ನು ಎಲ್ಲಿ ಹಿಡಿಯಲಾಯಿತೆಂಬುದು ರೋಗಿಯ ಪ್ರಾಣಕ್ಕೆ ಸಂಬಂಧಪಟ್ಟ ಪ್ರಶ್ನೆಯಾಗಿದೆ. ಮೈಸೂರು ಜಿಲ್ಲೆಯ ಹುಣಸೂರಿನ ಸುತ್ತಣ ಬೇಸಾಯದ ನೆಲದಲ್ಲಿ ಕೊಳಕುಮಂಡಲಗಳಿಗೂ ರೇಡಿಯೋ ಯಂತ್ರವನ್ನಿಟ್ಟು ಅನುಸರಿಸುವ ಕಾರ್ಯವು ನಡೆದಿದೆ. ಮಂಡಲಿಯು ರಾತ್ರಿಯ ಯಾವ ಜಾವದಲ್ಲಿ ಯಾವ ಬದುವಿನ ಮೇಲಿರುವುದೆಂಬುದು, ಕತ್ತಲಲ್ಲಿ ನೀರು ಹಾಯಿಸಲು ಹೋಗುವ ರೈತನು ದೀಪವನ್ನು ಕೊಂಡೊಯ್ಯಬೇಕೆಂದು ಹೇಳುವುದಕ್ಕೆ ಪ್ರಮಾಣವಾಗುತ್ತದೆ.

ಉಪಸಂಹಾರ

ಸುಶ್ರುತನು ಸರ್ಪಗಳ ಸಂಚಾರಕ್ಕೆ ಜಾವಗಳನ್ನು ವಿಧಿಸಿದನು. ರಸೆಲ್ಲನು ಹೆಸರುಗಳನ್ನು ಕೇಳಿ ಬರೆದನು. ಅನಂತರದ ಶಾಸ್ತ್ರಜ್ಞರು ಹುರುಪೆಗಳನ್ನೆಣಿಸಿದರು. ಇಂದಿನವರು ಗ್ರಾಹಕಯಂತ್ರವನ್ನು ಕೈಯಲ್ಲಿ ಹಿಡಿದು ಮತ್ತೆ ಜಾವಗಳನ್ನೇ ಗುರುತುಹಾಕಿಕೊಳ್ಳುತ್ತಿರುವರು. ಯಂತ್ರವು ಹಾವಿನ ಸ್ಥಾನವನ್ನು ತಿಳಿಸುತ್ತದೆ. ಆದರೆ ಮೊದಲನೆಯ ಬಾರಿ ಆ ಹಾವನ್ನು ಕಂಡು, ನೋಯಿಸದೆ ಹಿಡಿದು ತರುವುದಕ್ಕೆ ಇಂದಿಗೂ ನುರಿತ ಕಣ್ಣೂ ಕೈಯೂ ಬೇಕು. ಆ ಕಣ್ಣು ಕೈಗಳು ಯಾರವೆಂಬುದನ್ನು ಹೇಳದೆ ಬರೆದ ಸರ್ಪಶಾಸ್ತ್ರದ ಇತಿಹಾಸವು, ಸೂತ್ರವನ್ನು ಕೊಟ್ಟು ದ್ರಷ್ಟಾರನನ್ನು ಬಿಟ್ಟ ಗ್ರಂಥದಂತೆ ಅಪೂರ್ಣವಾಗಿರುತ್ತದೆ. ಕಾಳಿಂಗವೆಂಬ ನಾಮವು ಶಾಸ್ತ್ರದಲ್ಲಿ ಸ್ಥಾನವನ್ನು ಪಡೆದಂತೆ, ಆ ನಾಮವನ್ನು ಕಾಪಾಡಿಕೊಂಡು ಬಂದ ಜನರ ವಿದ್ಯೆಯೂ ಇತಿಹಾಸದಲ್ಲಿ ತನ್ನ ಸ್ಥಾನವನ್ನು ಪಡೆಯುವುದು ನ್ಯಾಯವಾಗಿದೆ.